ಬ್ಯಾಟರಿಯ ಬೆಂಕಿ ಮತ್ತು ವಾಪಸು ಕರೆ

ಶಕ್ತಿಯನ್ನು ಒಂದೆಡೆ ಕೂಡಿಡುವುದರಿಂದ ಮನುಷ್ಯನಿಗೆ ಎಷ್ಟು ಉಪಕಾರವಾಗಿದೆಯೋ ಅಷ್ಟೇ ಹೊಣೆಯೂ ಅವನ ಮೇಲೆ ಬಿದ್ದಿದೆ. ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ, ಗುಡ್ಡಗಳ ನಡುವಣ ಇಕ್ಕಟ್ಟಾದ ಕಂದರಕ್ಕೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟನ್ನು ಬಲ್ಲವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯ ನೀರು ಇಲ್ಲಿ ರೇಣುಕಾ ಸಾಗರವೆಂಬ ಹೆಸರಿನಿಂದ ನಿಂತು, ಕಾಲುವೆಗಳ ಮೂಲಕ ಹೊಲಗಳಿಗೆ ಹರಿಯುತ್ತದೆ. ಜಲಾಶಯ ತುಂಬಿದಾಗ ಅದರಲ್ಲಿರುವ ನೀರು ೩೭ ಟಿ.ಎಂ.ಸಿ. ಅಡಿಗೂ ಮಿಕ್ಕುದು. ಅಳತೆಯಿಂದ ಹರಿದರೆ ಆ ನೀರು ಬೆಳೆಯಾಗುತ್ತದೆ. ಅಳತೆ ಮೀರಿ ಹೊರಬಿದ್ದರೆ ಪ್ರವಾಹವಾಗುತ್ತದೆ. ೨೦೧೯ರ ಆಗಸ್ಟ್ ತಿಂಗಳಿನಲ್ಲಿ ಮುನವಳ್ಳಿ, ರಾಮದುರ್ಗ ಮೊದಲಾದ ಊರುಗಳವರು ಅದರ ಈ ಎರಡನೆಯ ರೂಪವನ್ನು ಕಣ್ಣಾರೆ ಕಂಡರು. ಆದುದರಿಂದಲೇ ಜಲಾಶಯದ ಮಟ್ಟವನ್ನು ದಿನದಿನವೂ ಅಳೆಯುತ್ತಾರೆ, ಅಳೆದುದನ್ನು ಎಲ್ಲರಿಗೂ ತಿಳಿಸುತ್ತಾರೆ. ಹೆಚ್ಚು ನೀರನ್ನು ಬಿಡುವಾಗ ನದಿಯ ದಂಡೆಯ ಹಳ್ಳಿಗಳಿಗೆ ಎಚ್ಚರಿಕೆ ಕೊಡುತ್ತಾರೆ. ಹೀಗೆ ಎಚ್ಚರಿಸುವುದರಿಂದ ಅಣೆಕಟ್ಟಿನ ಹೆಸರು ಕೆಡುವುದೆಂದು ಯಾರೂ ಹೇಳಿದ್ದಿಲ್ಲ.

ವಿದ್ಯುತ್ ಕಾರಿನ ಬ್ಯಾಟರಿಯೂ ಶಕ್ತಿಯ ಒಂದು ಜಲಾಶಯವೇ. ೨೦೧೯ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ ಹ್ಯುಂಡೈ ಕಂಪನಿಯ ಕೋನಾ ಎಂಬ ಕಾರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಬ್ಯಾಟರಿ ೩೯.೨ ಯೂನಿಟ್ ವಿದ್ಯುತ್ತನ್ನು ಹಿಡಿದಿಡಬಲ್ಲದು. ಒಂದು ಯೂನಿಟ್ಟೆಂದರೆ ೩೬ ಲಕ್ಷ ಜೂಲ್ ಶಕ್ತಿ. ಈ ಲೆಕ್ಕದಲ್ಲಿ, ೪೦ ಮೀಟರು ಎತ್ತರದಲ್ಲಿ ತಡೆದು ನಿಲ್ಲಿಸಿದ ಸುಮಾರು ೩,೬೦,೦೦೦ ಲೀಟರು ನೀರು ಕೆಳಕ್ಕೆ ಧುಮುಕುವಾಗ ಎಷ್ಟು ಶಕ್ತಿ ಹೊರಬರುವುದೋ ಅಷ್ಟು ಶಕ್ತಿ, ಪ್ರಯಾಣಿಕರು ಕುಳಿತ ಪೀಠದ ಕೆಳಗೆ, ಒಂದು ಹಾಸುಗಲ್ಲಿನಷ್ಟು ಜಾಗದಲ್ಲಿ ಅಡಗಿರುತ್ತದೆ. ಬ್ಯಾಟರಿಯೊಳಗಿನ ದ್ರವವೂ ಪ್ಲಾಸ್ಟಿಕ್ಕೂ ಉರಿದರೆ ಬರುವ ಶಾಖ ಈ ಲೆಕ್ಕಕ್ಕೆ ಸೇರಿಲ್ಲ. ಇಷ್ಟು ಶಕ್ತಿಯನ್ನು ಕೂಡಿಟ್ಟ ಮೇಲೆ ಅದರ ಕಟ್ಟೆಯಲ್ಲಿ ಬಿರುಕು ಕಂಡರೆ ಏನು ಮಾಡಬೇಕು, ಯಾರಿಗೆ ಹೇಳಬೇಕು, ಹೇಗೆ ಹೇಳಬೇಕು ಎಂಬುದೇ ಈ ಲೇಖನದ ವಿಚಾರ.

ಮಾರಾಟವಾದ ಮೇಲೆ ವಾಹನದಲ್ಲಿ ತಯಾರಿಕೆಯ ದೋಷವಿದೆಯೆಂದು ಗೊತ್ತಾದಾಗ, ತಯಾರಕರು ಅಂಥ ವಾಹನಗಳನ್ನೆಲ್ಲ ತಾವೇ ಕರೆಸಿಕೊಂಡು, ಮಾಲಿಕರಿಂದ ಹಣ ಪಡೆಯದೆ ಸರಿಪಡಿಸಿ ಕೊಡುವ ಪದ್ಧತಿಗೆ ರೀಕಾಲ್ ಎನ್ನುತ್ತಾರೆ. ವಾಪಸು ಕರೆ ಎಂದು ನಾವು ಅದನ್ನು ಕರೆಯಬಹುದು. ಬ್ರೇಕು, ಸ್ಟಿಯರಿಂಗುಗಳ ದೋಷಕ್ಕಾಗಿ ಇಂಥ ಕರೆಗಳು ಹಿಂದಿನಿಂದಲೂ ನಡೆದು ಬಂದಿವೆ. ಆದರೆ ಬ್ಯಾಟರಿಯ ದೋಷ ಅವುಗಳಂಥದಲ್ಲ. ಬ್ರೇಕು ಕೆಟ್ಟ ವಾಹನ ನಿಂತಲ್ಲಿ ನಿಂತಿರುವವರೆಗೆ ಅಪಾಯವಿಲ್ಲ. ದೋಷವುಳ್ಳ ಬ್ಯಾಟರಿಯಾದರೋ ನಿಂತಲ್ಲಿಯೇ, ಚಾರ್ಜ್ ಆಗುತ್ತಿರುವಾಗ, ಮನೆಯವರೆಲ್ಲ ನಿದ್ರೆಯಲ್ಲಿರುವಾಗ ಹೊತ್ತಿಕೊಳ್ಳಬಹುದು.

ಇದು ಹೇಗೆ ಸಂಭವಿಸುತ್ತದೆ? ಲಿಥಿಯಂ ಬ್ಯಾಟರಿಯ ಪೆಟ್ಟಿಗೆಯಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಚಿಕ್ಕ ಕೋಶಗಳಿರುತ್ತವೆ. ಪ್ರತಿಯೊಂದು ಕೋಶದಲ್ಲಿಯೂ ಗ್ರಾಫೈಟಿನ ಋಣಾಗ್ರವೊಂದು, ಲೋಹದ ಆಕ್ಸೈಡಿನ ಧನಾಗ್ರವೊಂದು. ಎರಡರ ನಡುವೆ ಸೂಕ್ಷ್ಮ ರಂಧ್ರಗಳುಳ್ಳ ಪ್ಲಾಸ್ಟಿಕ್ಕಿನ ತೆಳುವಾದ ಪರದೆ. ಎಲ್ಲವನ್ನೂ ತೋಯಿಸಿದ, ಸುಲಭವಾಗಿ ಹೊತ್ತಿಕೊಳ್ಳುವ ಒಂದು ದ್ರವ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಪರದೆಯ ರಂಧ್ರಗಳ ಮೂಲಕ ಗ್ರಾಫೈಟನ್ನು ಸೇರುತ್ತವೆ. ಕಾರು ಓಡುವಾಗ ಮರಳಿ ಬರುತ್ತವೆ. ಈ ಪರದೆ ತಲೆಗೂದಲಿಗಿಂತ ತೆಳುವಾದುದು. ಎರಡು ಅಗ್ರಗಳನ್ನು ಬೇರ್ಪಡಿಸಿರುವುದು ಅದೊಂದೇ. ಅದು ಹರಿದರೆ, ಮಡಚಿಕೊಂಡರೆ, ಅಥವಾ ಲೋಹದ ಕಣವೊಂದು ಅದನ್ನು ಚುಚ್ಚಿದರೆ, ವಿದ್ಯುತ್ತು ಹೊರಗಿನ ತಂತಿಯನ್ನು ಬಿಟ್ಟು ಒಳದಾರಿಯಲ್ಲಿಯೇ ನುಗ್ಗುತ್ತದೆ. ಕೋಶ ಕಾಯತೊಡಗುತ್ತದೆ.

ಮುಂದಿನದು ಸರಪಣಿಯಂತೆ ನಡೆಯುತ್ತದೆ. ಉಷ್ಣತೆ ಸುಮಾರು ೧೦೦ ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿಗೆ ಬಂದಾಗ ಗ್ರಾಫೈಟಿನ ಮೇಲಣ ರಕ್ಷಕ ಪದರ ಕೆಡತೊಡಗಿ ತಾನೂ ಶಾಖವನ್ನು ಹೊರಬಿಡುತ್ತದೆ. ೧೩೦ ಡಿಗ್ರಿಯ ಸುಮಾರಿಗೆ ಪಾಲಿಎಥಿಲೀನಿನ ಪರದೆ ಕರಗುತ್ತದೆ. ೨೦೦ ಡಿಗ್ರಿಯನ್ನು ಸಮೀಪಿಸಿದಾಗ, ನಿಕ್ಕಲ್, ಕೋಬಾಲ್ಟ್‌ಗಳಿರುವ ಧನಾಗ್ರ ತನ್ನಲ್ಲಿದ್ದ ಆಮ್ಲಜನಕವನ್ನು ಬಿಟ್ಟುಕೊಡತೊಡಗುತ್ತದೆ. ಉರಿಯುವ ದ್ರವ, ಶಾಖ, ಆಮ್ಲಜನಕ ಮೂರೂ ಒಂದೇ ಡಬ್ಬಿಯಲ್ಲಿ ಕೂಡಿದ ಮೇಲೆ ಬೆಂಕಿ ಹೊರಗಿನ ಗಾಳಿಗಾಗಿ ಕಾಯಬೇಕಾಗಿಲ್ಲ. ಒಂದು ಕೋಶದ ಶಾಖ ಪಕ್ಕದ ಕೋಶಕ್ಕೆ, ಅದರದು ಅದರ ಪಕ್ಕದ್ದಕ್ಕೆ ತಗಲುತ್ತ ಹೋಗುತ್ತದೆ. ಈ ಕಾರಣದಿಂದಲೇ ಇಂಥ ಬೆಂಕಿಯನ್ನು ಆರಿಸಲು ಬಹಳ ನೀರು ಬೇಕಾಗುತ್ತದೆ. ಆರಿದಂತೆ ಕಂಡುದು ಗಂಟೆಗಳ ತರುವಾಯ ಮತ್ತೆ ಹೊತ್ತಿಕೊಳ್ಳುವುದೂ ಉಂಟು. ಲಿಥಿಯಂ ಕಬ್ಬಿಣ ಫಾಸ್ಫೇಟಿನ ಬ್ಯಾಟರಿಗಳು ಆಮ್ಲಜನಕವನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲವಾದುದರಿಂದ ಹೆಚ್ಚು ಕ್ಷೇಮಕರ. ಆದರೆ ಅವೂ ಬೆಂಕಿಗೆ ಅತೀತವಲ್ಲ.

ಈ ವಿವರಣೆಯನ್ನು ಓದಿ ವಾಚಕರು ವಿದ್ಯುತ್ ಕಾರೆಂದರೆ ಚಲಿಸುವ ಚಿತೆಯೆಂದು ತಿಳಿಯಬಾರದು. ಸ್ವೀಡನ್ ದೇಶದ ನಾಗರಿಕ ರಕ್ಷಣಾ ಇಲಾಖೆ ೨೦೨೨ನೆಯ ವರ್ಷದ ಲೆಕ್ಕವನ್ನು ಪ್ರಕಟಿಸಿತು. ಎಲ್ಲ ಇಂಧನಗಳ ಕಾರುಗಳನ್ನೂ ಸೇರಿಸಿದಾಗ ಲಕ್ಷ ಕಾರಿಗೆ ಸುಮಾರು ೬೮ ಬೆಂಕಿಗಳು ಸಂಭವಿಸಿದ್ದರೆ, ವಿದ್ಯುತ್ ಕಾರುಗಳಲ್ಲಿ ಲಕ್ಷಕ್ಕೆ ೩.೮ ಮಾತ್ರ. ಮೊದಲ ಸಂಖ್ಯೆಯಲ್ಲಿ ದುಷ್ಟರು ಬೇಕೆಂದೇ ಹಚ್ಚಿದ ಬೆಂಕಿಯೂ ಸೇರಿದೆ. ವಿದ್ಯುತ್ ಕಾರುಗಳು ಸರಾಸರಿಯಲ್ಲಿ ಹೊಸವು. ಇವೆರಡನ್ನೂ ಕಳೆದು ನೋಡಿದರೂ ಪೆಟ್ರೋಲು ಕಾರೇ ಹೆಚ್ಚು ಸುರಕ್ಷಿತವೆಂದು ಹೇಳಲು ಆಧಾರ ಸಿಕ್ಕದು. ನಾವು ಭಯಪಡಬೇಕಾದುದು ಬ್ಯಾಟರಿಗಲ್ಲ, ದೋಷ ಗೊತ್ತಾದ ಮೇಲೂ ಮುಚ್ಚಿಡಲ್ಪಟ್ಟ ಬ್ಯಾಟರಿಗೆ.

ಗೊತ್ತಾದ ದೋಷವನ್ನು ಹೇಗೆ ನಿರ್ವಹಿಸಬೇಕೆಂಬುದಕ್ಕೆ ಎರಡು ದೊಡ್ಡ ಪ್ರಸಂಗಗಳು ಪಾಠವಾಗಿವೆ. ಮೊದಲನೆಯದು ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯ ಶೆವ್ರೊಲೆ ಬೋಲ್ಟ್ ಕಾರಿನದು. ೨೦೨೦ರ ನವೆಂಬರಿನಲ್ಲಿ ಸುಮಾರು ೬೯,೦೦೦ ಕಾರುಗಳಿಗೆ ಹೊರಟ ವಾಪಸು ಕರೆ, ೨೦೨೧ರ ಆಗಸ್ಟಿನ ಹೊತ್ತಿಗೆ ಆವರೆಗೆ ತಯಾರಾದ ಬೋಲ್ಟ್ ಕಾರುಗಳೆಲ್ಲಕ್ಕೂ, ಎಂದರೆ ಸುಮಾರು ೧,೪೨,೦೦೦ ಕಾರುಗಳಿಗೆ ವಿಸ್ತರಿಸಿತು. ಋಣಾಗ್ರದ ಪಟ್ಟಿ ಹರಿದಿರುವುದು, ಪರದೆ ಮಡಚಿರುವುದು, ಈ ಎರಡು ದೋಷಗಳೂ ಒಂದೇ ಕೋಶದಲ್ಲಿ ಕೂಡಿದಾಗ ಬೆಂಕಿ ಹತ್ತುವುದೆಂದು ಕಂಪನಿ ಬಹಿರಂಗವಾಗಿ ಹೇಳಿತು. ದುರಸ್ತಿಯಾಗುವವರೆಗೆ ಕಾರನ್ನು ಮನೆಯೊಳಗೆ ನಿಲ್ಲಿಸಬೇಡಿರಿ, ಪೂರ್ತಿ ಚಾರ್ಜ್ ಮಾಡಬೇಡಿರಿ ಎಂದು ಮಾಲಿಕರಿಗೆ ತಿಳಿಸಿತು. ಇದಕ್ಕೆ ತಗಲಿದ ವೆಚ್ಚ ಸುಮಾರು ೨೦೦ ಕೋಟಿ ಡಾಲರು. ಅದರ ಬಹುಪಾಲನ್ನು ಕೋಶಗಳನ್ನು ಒದಗಿಸಿದ ಎಲ್‌ಜಿ ಕಂಪನಿ ತೆರಲು ಒಪ್ಪಿತು.

ಎರಡನೆಯದು ಮೇಲೆ ಹೇಳಿದ ಕೋನಾ ಕಾರಿನದೇ. ೨೦೨೦ರಲ್ಲಿ ಕೊರಿಯಾ ದೇಶದಲ್ಲಿ ಕಾರುಗಳನ್ನು ಕರೆಸಿ, ಬ್ಯಾಟರಿಯ ಮೇಲೆ ನಿಗಾ ಇಡುವ ಸಾಫ್ಟ್‌ವೇರನ್ನು ಬದಲಾಯಿಸಿದರು. ಹಾಗೆ ಬದಲಾಯಿಸಿಕೊಂಡ ಕಾರೊಂದು ೨೦೨೧ರ ಜನವರಿಯಲ್ಲಿ ಮತ್ತೆ ಹೊತ್ತಿಕೊಂಡಿತು. ಮರು ತಿಂಗಳೇ ಜಗತ್ತಿನಾದ್ಯಂತ ಸುಮಾರು ೮೨,೦೦೦ ವಾಹನಗಳ ಬ್ಯಾಟರಿಗಳನ್ನು ಬದಲಾಯಿಸಿ ಕೊಡುವುದಾಗಿ ಕಂಪನಿ ಸಾರಬೇಕಾಯಿತು. ಮೊದಲನೆಯ ಸಲ ರೋಗದ ಮೂಲವನ್ನು ಹುಡುಕದೆ ಲೇಪ ಹಚ್ಚಿದುದರ ಫಲವಿದು. ನಮ್ಮ ದೇಶದಲ್ಲಿಯೂ ಈ ಕಾರಿಗೆ ಕರೆ ಬಂದಿತು: ೨೦೧೯ರ ಏಪ್ರಿಲಿನಿಂದ ೨೦೨೦ರ ಅಕ್ಟೋಬರಿನವರೆಗೆ ತಯಾರಾದ ೪೫೬ ಕೋನಾ ಕಾರುಗಳ ಬ್ಯಾಟರಿ ವ್ಯವಸ್ಥೆಯನ್ನು ಪರಿಶೀಲಿಸಲು ೨೦೨೦ರ ಡಿಸೆಂಬರಿನಲ್ಲಿ ಅವನ್ನು ಕರೆಸಲಾಯಿತು. ೪೫೬ ಸಣ್ಣ ಸಂಖ್ಯೆ. ಕಾರು ದುಬಾರಿಯಾದುದು, ಕೊಂಡವರು ಬಹುಮಟ್ಟಿಗೆ ಪಟ್ಟಣವಾಸಿಗಳು. ಅವರನ್ನು ತಲುಪುವುದು ಕಷ್ಟದ ಕೆಲಸವಾಗಿರಲಾರದು.

ಕಷ್ಟ ಬಂದುದು ಸ್ಕೂಟರಿನ ಸರದಿಯಲ್ಲಿ. ೨೦೨೨ರ ಮಾರ್ಚ್ ತಿಂಗಳಿನಲ್ಲಿ ತಮಿಳುನಾಡಿನ ವೇಲೂರಿನಲ್ಲಿ, ರಾತ್ರಿ ಮನೆಯಲ್ಲಿ ಚಾರ್ಜಿಗೆ ಹಾಕಿದ್ದ ಸ್ಕೂಟರಿಗೆ ಬೆಂಕಿ ಹತ್ತಿ, ಅದರ ಹೊಗೆಯಲ್ಲಿ ಒಬ್ಬ ತಂದೆಯೂ ಅವನ ಮಗಳೂ ಉಸಿರುಗಟ್ಟಿ ಸತ್ತರು. ಅದೇ ಸುಮಾರಿಗೆ ಪುಣೆಯ ಬೀದಿಯಲ್ಲಿ ನಿಲ್ಲಿಸಿದ್ದ ಸ್ಕೂಟರೊಂದು ತಾನಾಗಿ ಉರಿದುದನ್ನು ದೇಶವೆಲ್ಲ ನೋಡಿತು. ಏಪ್ರಿಲಿನಲ್ಲಿ ಒಕಿನಾವಾ ಕಂಪನಿ ೩,೨೧೫ ಸ್ಕೂಟರುಗಳನ್ನೂ, ಪ್ಯೂರ್ ಇವಿ ಕಂಪನಿ ೨,೦೦೦ ಸ್ಕೂಟರುಗಳನ್ನೂ, ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯುಳ್ಳ ಓಲಾ ಎಲೆಕ್ಟ್ರಿಕ್ ೧,೪೪೧ ಸ್ಕೂಟರುಗಳನ್ನೂ ವಾಪಸು ಕರೆದವು. ೨೦೦೧ರಷ್ಟು ಹಿಂದೆಯೇ ಸೀಸದ ಬ್ಯಾಟರಿಯ ರೇವಾ ಕಾರನ್ನು ಬೀದಿಗಿಳಿಸಿದ, ೨೦೧೭ರಲ್ಲಿ ವಿದ್ಯುತ್ ವಾಹನಗಳಿಗಾಗಿ ದೇಶದಲ್ಲಿಯೇ ಮೊತ್ತಮೊದಲು ಒಂದು ನೀತಿಯನ್ನು ಸಾರಿದ ರಾಜ್ಯ ನಮ್ಮದು. ಈ ಉದ್ಯಮದಿಂದ ಬರುವ ಕೀರ್ತಿಯಲ್ಲಿ ನಮಗೆ ಪಾಲಿರುವಂತೆ ಹೊಣೆಯಲ್ಲಿಯೂ ಪಾಲುಂಟು.

ಆ ವರ್ಷ ಕೇಂದ್ರ ಸರ್ಕಾರ ಒಂದು ತಜ್ಞ ಸಮಿತಿಯನ್ನು ನೇಮಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರೂ ಅದರಲ್ಲಿದ್ದರು. ಸಮಿತಿಯ ಸಲಹೆಯಂತೆ, ಸ್ಕೂಟರುಗಳಿಗೆ ಅನ್ವಯಿಸುವ ಎ.ಐ.ಎಸ್. ೧೫೬, ಕಾರುಗಳಿಗೆ ಅನ್ವಯಿಸುವ ಎ.ಐ.ಎಸ್. ೦೩೮ ಎಂಬ ಮಾನಕಗಳನ್ನು ಬಿಗಿಗೊಳಿಸಿ, ೨೦೨೨ರ ಡಿಸೆಂಬರ್ ೧ ಮತ್ತು ೨೦೨೩ರ ಮಾರ್ಚ್ ೩೧, ಹೀಗೆ ಎರಡು ಹಂತಗಳಲ್ಲಿ ಜಾರಿಗೆ ತಂದರು. ಬ್ಯಾಟರಿಯ ಮೇಲೆ ನಿಗಾ ಇಡುವ ವ್ಯವಸ್ಥೆಯೂ, ಅಪಾಯದ ಮುನ್ಸೂಚನೆಯೂ, ಒಂದು ಕೋಶ ಕೆಟ್ಟರೆ ಬೆಂಕಿ ಇಡೀ ಪೆಟ್ಟಿಗೆಗೆ ಹಬ್ಬದಿರುವ ಪರೀಕ್ಷೆಯೂ ಇವುಗಳಲ್ಲಿ ಸೇರಿದವು. ಇದು ಸ್ತುತ್ಯವಾದ ಕಾರ್ಯ. ಆದರೆ ಮಾನಕವು ಮುಂದೆ ಹುಟ್ಟುವ ವಾಹನವನ್ನು ಕಾಯಬಲ್ಲದು. ಅದಕ್ಕೆ ಮುಂಚೆ ಮಾರಾಟವಾಗಿ ಊರೂರಿನಲ್ಲಿ ಓಡುತ್ತಿರುವುದನ್ನು ಕಾಯಬೇಕಾದುದು ವಾಪಸು ಕರೆಯೊಂದೇ.

ಕಾನೂನು ಇದನ್ನು ಮರೆತಿಲ್ಲ. ೨೦೧೯ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಗೆ ೧೧೦-ಎ ಎಂಬ ಹೊಸ ಕಲಮು ಸೇರಿತು. ಅದರ ನಿಯಮಗಳು ೨೦೨೧ರ ಏಪ್ರಿಲ್ ೧ರಿಂದ ಜಾರಿಯಲ್ಲಿವೆ. ವಾಹನದ ದೋಷದಿಂದ ಪರಿಸರಕ್ಕಾಗಲಿ, ಅದರಲ್ಲಿ ಕುಳಿತವರಿಗಾಗಲಿ, ರಸ್ತೆಯಲ್ಲಿರುವ ಇತರರಿಗಾಗಲಿ ಹಾನಿಯಾಗುವಂತಿದ್ದರೆ ಅಂಥ ವಾಹನಗಳನ್ನು ವಾಪಸು ಕರೆಯಿರೆಂದು ಕೇಂದ್ರ ಸರ್ಕಾರ ತಯಾರಕರಿಗೆ ಆಜ್ಞಾಪಿಸಬಹುದು. ತಯಾರಕರು ತಾವೇ ದೋಷವನ್ನು ಕಂಡುಹಿಡಿದು, ಸರ್ಕಾರಕ್ಕೆ ತಿಳಿಸಿ, ವಾಹನಗಳನ್ನು ಕರೆಸಿಕೊಂಡರೆ ಅವರಿಗೆ ದಂಡವಿಲ್ಲ. ಈ ವಿನಾಯಿತಿ ವಿವೇಕಯುಕ್ತವಾದುದು. ತಪ್ಪನ್ನು ಒಪ್ಪಿಕೊಂಡವನನ್ನೇ ಹಿಡಿದು ದಂಡಿಸಿದರೆ ಮುಂದೆ ಒಪ್ಪಿಕೊಳ್ಳುವವರು ಯಾರು? ವಾಪಸು ಕರೆದ ಕಂಪನಿಯನ್ನು ನಾವು ಹಾಸ್ಯಮಾಡುವುದೂ ಒಂದು ಬಗೆಯ ದಂಡವೇ ಆಗಿದೆ. ಅದನ್ನು ಬಿಡಬೇಕು. ನಾಚಿಕೆಯ ಸಂಗತಿ ಕರೆಯುವುದಲ್ಲ, ಕರೆಯದಿರುವುದು.

ಹಾಗೆಂದು, ಕರೆದೆವೆಂದು ಪತ್ರಿಕೆಗಳಿಗೆ ಹೇಳಿಕೆ ಕೊಟ್ಟ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಬಿಡುವುದೂ ಸರಿಯಲ್ಲ. ನನ್ನ ಅಭಿಪ್ರಾಯದಲ್ಲಿ ವಾಪಸು ಕರೆ ಸಾರ್ಥಕವಾಗಬೇಕಾದರೆ ಅದು ನಾಲ್ಕು ಮಾತುಗಳನ್ನು ಹೇಳಬೇಕು: ದೋಷವೇನು, ಯಾವ ಯಾವ ವಾಹನಗಳಲ್ಲಿದೆ, ದುರಸ್ತಿಯಾಗುವವರೆಗೆ, ಎಂದರೆ ಈ ರಾತ್ರಿಯೇ, ಮನೆಯವರು ಏನು ಮಾಡಬೇಕು, ಕರೆದವುಗಳಲ್ಲಿ ಎಷ್ಟು ವಾಹನಗಳು ಬಂದು ದುರಸ್ತಿಯಾದವು. ಈ ನಾಲ್ಕನೆಯ ಸಂಖ್ಯೆಯೇ ಮುಖ್ಯವಾದುದು. ೧,೪೪೧ ಸ್ಕೂಟರುಗಳನ್ನು ಕರೆದರೆಂಬುದು ನಮಗೆ ನೆನಪಿರುತ್ತದೆ. ಕರೆಗೆ ಓಗೊಟ್ಟವು ಎಷ್ಟು ಎಂದು ನಾವು ಕೇಳುವುದೇ ಇಲ್ಲ. ಉಳಿದುಹೋದ ಒಂದು ವಾಹನ ಒಂದು ಮನೆಗೆ ಸಾಕಾಗುತ್ತದೆ.

ಈಗ ಈ ಕರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಒಂದು ಹಳ್ಳಿಗೆ ಹೇಗೆ ಬರಬೇಕೆಂದು ಯೋಚಿಸೋಣ. ಬೆಂಗಳೂರಿನಲ್ಲಿಯೋ ಪುಣೆಯಲ್ಲಿಯೋ ಕೊಂಡ ವಾಹನವನ್ನು ಎರಡು ವರ್ಷ ಓಡಿಸಿ ಮಾರುತ್ತಾರೆ. ಕೊಂಡವನು ಅದನ್ನು ಊರಿಗೆ ತರುತ್ತಾನೆ. ತಯಾರಕರ ಕಡತದಲ್ಲಿರುವುದು ಮೊದಲ ಮಾಲಿಕನ ಹೆಸರು, ಮೊದಲ ಮಾಲಿಕನ ದೂರವಾಣಿ. ಕರೆ ಅವನಿಗೆ ಹೋಗುತ್ತದೆ. ಅವನು ತನಗೆ ಸಂಬಂಧವಿಲ್ಲವೆಂದು ಅಳಿಸಿಬಿಡುತ್ತಾನೆ. ಹೋದರೂ ಇಂಗ್ಲಿಷಿನಲ್ಲಿ ಹೋಗುತ್ತದೆ. ವಾಹನ ಈಗ ಯಾರ ಹೆಸರಿನಲ್ಲಿದೆಯೆಂಬುದನ್ನು ಬಲ್ಲುದು ಸಾರಿಗೆ ಇಲಾಖೆಯ ನೋಂದಣಿ ಪುಸ್ತಕ. ಬೈಲಹೊಂಗಲದಲ್ಲಿಯೇ, ಕೆ.ಎ. ೨೪ ಎಂಬ ಸಂಖ್ಯೆಯನ್ನು ಕೊಡುವ ಸಾರಿಗೆ ಕಚೇರಿಯಿದೆ. ತಯಾರಕರು ದೋಷವುಳ್ಳ ವಾಹನಗಳ ಚಾಸಿಸ್ ಸಂಖ್ಯೆಗಳನ್ನು ಇಲಾಖೆಗೆ ಒಪ್ಪಿಸಿ, ಇಲಾಖೆ ಈಗಿನ ಮಾಲಿಕನಿಗೆ ಕನ್ನಡದಲ್ಲಿ ಪತ್ರ ಬರೆಯುವ ಏರ್ಪಾಡು ಕಡ್ಡಾಯವಾಗತಕ್ಕದ್ದು. ವಿಮೆಯನ್ನು ನವೀಕರಿಸುವಾಗ, ಹೆಸರನ್ನು ವರ್ಗಾಯಿಸುವಾಗ, ಈ ವಾಹನಕ್ಕೆ ಬಾಕಿಯಿರುವ ಕರೆ ಉಂಟೇ ಎಂದು ನೋಡುವುದೂ ಕಷ್ಟವಲ್ಲ. ಸಂಕೇಶ್ವರದ ಸಾಲವೂ ಸವದತ್ತಿಯ ಬ್ಯಾಂಕಿಗೆ ಕಾಣುವ ಕಾಲವಿದು. ಬಾಕಿಯಿರುವ ಅಪಾಯ ಕಾಣದಿರಲು ಕಾರಣವಿಲ್ಲ.

ಇದರಲ್ಲಿಯೂ ಒಂದು ಕಂಡಿಯಿದೆ. ೨೫೦ ವ್ಯಾಟಿಗೆ ಮೀರದ ಮೋಟಾರುಳ್ಳ, ಗಂಟೆಗೆ ೨೫ ಕಿಲೋಮೀಟರಿಗೆ ಮೀರದ ವೇಗದ ವಿದ್ಯುತ್ ಸ್ಕೂಟರುಗಳಿಗೆ ನೋಂದಣಿಯೇ ಬೇಕಾಗಿಲ್ಲ. ಅಗ್ಗವಾದುದರಿಂದಲೂ ಲೈಸೆನ್ಸಿನ ತೊಡಕಿಲ್ಲದುದರಿಂದಲೂ ವಿದ್ಯಾರ್ಥಿಗಳು, ವೃದ್ಧರು, ಸಣ್ಣ ವ್ಯಾಪಾರಿಗಳು ಕೊಳ್ಳುವುದು ಇವನ್ನೇ. ಯಾವ ಪುಸ್ತಕದಲ್ಲಿಯೂ ಹೆಸರಿಲ್ಲದ ವಾಹನಕ್ಕೆ ಯಾವ ಕರೆಯೂ ಮುಟ್ಟದು. ಇವುಗಳ ಮೇಲೆ ತೆರಿಗೆಯನ್ನು ಹೇರಬೇಕೆಂದು ನಾನು ಹೇಳುತ್ತಿಲ್ಲ. ಮಾರುವ ಅಂಗಡಿಯವನು ಕೊಂಡವನ ಹೆಸರು, ವಿಳಾಸ, ಬ್ಯಾಟರಿಯ ಸಂಖ್ಯೆ ಈ ಮೂರನ್ನು ಬರೆದಿಟ್ಟುಕೊಳ್ಳುವುದನ್ನಾದರೂ ವಿಧಿಸಬೇಕು. ಗ್ಯಾಸ್ ಸಿಲಿಂಡರಿಗೆ ಇರುವ ಪುಸ್ತಕ ಬ್ಯಾಟರಿಗೆ ಇರಬಾರದೇಕೆ?

ಇಷ್ಟೆಲ್ಲ ಪ್ರಚಾರ ಮಾಡಿದರೆ ಜನ ಹೆದರಿ ಹೊಸ ವಾಹನಗಳನ್ನು ಕೊಳ್ಳದೆ ಹೋದಾರು, ಎಳೆಯ ಉದ್ಯಮ ಸೊರಗೀತು ಎಂಬ ಆಕ್ಷೇಪವಿದೆ. ಆಕ್ಷೇಪಿಸುವವರು ದುರುದ್ದೇಶದವರಲ್ಲ, ಹೊಗೆಯುಗುಳದ ವಾಹನಗಳು ಹೆಚ್ಚಬೇಕೆಂಬ ಅವರ ಆಸೆ ನನ್ನದೂ ಹೌದು. ಆದರೆ ಹೆದರಿಕೆ ಹುಟ್ಟುವುದು ತಿಳಿವಳಿಕೆಯಿಂದಲ್ಲ. ಯಾವ ಸ್ಕೂಟರು ದೋಷವುಳ್ಳದೆಂದು ಗೊತ್ತಿಲ್ಲದಿದ್ದಾಗ ಪ್ರತಿಯೊಂದು ಸ್ಕೂಟರೂ ಅನುಮಾನಕ್ಕೆ ಗುರಿಯಾಗುತ್ತದೆ. ಇಂಥ ತಿಂಗಳಿನ, ಇಂಥ ತಂಡದ ಬ್ಯಾಟರಿಗಳಲ್ಲಿ ಮಾತ್ರ ದೋಷವೆಂದು ಹೇಳಿದರೆ ಉಳಿದವರೆಲ್ಲ ನಿಶ್ಚಿಂತರಾಗಿ ನಿದ್ರಿಸುವರು. ಬನದ ಹುಣ್ಣಿಮೆಗೂ ಭರತ ಹುಣ್ಣಿಮೆಗೂ ಎಲ್ಲಮ್ಮನ ಗುಡ್ಡಕ್ಕೆ ಬರುವ ಲಕ್ಷಾಂತರ ಭಕ್ತರ ವಾಹನಗಳು ಒಂದಕ್ಕೊಂದು ತಾಗಿ ನಿಂತಿರುತ್ತವೆ. ಪಕ್ಕದಲ್ಲಿಯೇ ಒಲೆ ಹೂಡಿ ಪರಡಿ ತುಂಬಿಸಲು ಅಡುಗೆ ಮಾಡುವರು. ವರ್ಷದಿಂದ ವರ್ಷಕ್ಕೆ ಆ ಸಾಲಿನಲ್ಲಿ ವಿದ್ಯುತ್ ವಾಹನಗಳು ಹೆಚ್ಚುವುವು, ಹೆಚ್ಚಲಿ. ದುರಸ್ತಿಯಾಗದೆ ಉಳಿದ ಒಂದು ವಾಹನ ಅಂಥ ನೆರವಿಯ ನಡುವೆ ಹೊತ್ತಿಕೊಂಡರೆ ಉದ್ಯಮಕ್ಕೆ ಆಗುವ ನಷ್ಟ, ಹತ್ತು ವಾಪಸು ಕರೆಗಳಿಂದ ಆಗುವುದಕ್ಕಿಂತ ಹೆಚ್ಚಿನದು.

ಮಾಲಿಕರಿಗೂ ಕರ್ತವ್ಯವಿದೆ. ಕರೆ ಬಂದಾಗ, ವಾಹನ ಚೆನ್ನಾಗಿ ಓಡುತ್ತಿದೆಯಲ್ಲ ಎಂದು ಉದಾಸೀನ ಮಾಡಕೂಡದು. ಒಳಗೆ ಮಡಚಿದ ಪರದೆ ಓಡಿಸುವವನಿಗೆ ಕಾಣುವುದಿಲ್ಲ. ಮನೆಯಿಂದ ಹೊರಬೀಳುವ ಒಂದೇ ಬಾಗಿಲಿನ ಬಳಿಯಲ್ಲಿ, ಮೆಟ್ಟಲಿನ ಕೆಳಗೆ, ಮಲಗುವ ಕೋಣೆಯಲ್ಲಿ ಚಾರ್ಜ್ ಮಾಡಬಾರದು. ಬೇಸಗೆಯ ಬಿಸಿಲಿನಲ್ಲಿ ಓಡಿಸಿ ತಂದೊಡನೆ ಚಾರ್ಜಿಗೆ ಹಾಕದೆ ಸ್ವಲ್ಪ ಹೊತ್ತು ಆರಲು ಬಿಡಬೇಕು. ಆಯಾ ವಾಹನಕ್ಕೆ ಕೊಟ್ಟ ಚಾರ್ಜರನ್ನೇ ಬಳಸಬೇಕು; ಬ್ಯಾಟರಿಯ ಪೆಟ್ಟಿಗೆಯನ್ನು ಊರಿನ ರಿಪೇರಿ ಅಂಗಡಿಯಲ್ಲಿ ಬಿಚ್ಚಿಸಬಾರದು. ಮಲಪ್ರಭೆಯ ದಂಡೆಯವರಿಗೆ ಇನ್ನೊಂದು ಮಾತು: ನೆರೆಯ ನೀರಿನಲ್ಲಿ ಮುಳುಗಿದ ಬ್ಯಾಟರಿ ಒಣಗಿದ ಮೇಲೂ, ಎಷ್ಟೋ ದಿನಗಳ ತರುವಾಯವೂ ಹೊತ್ತಿಕೊಳ್ಳಬಹುದು. ಅಂಥ ವಾಹನವನ್ನು ಮನೆಯಿಂದಲೂ ಬಣವೆಯಿಂದಲೂ ದೂರ ನಿಲ್ಲಿಸಿ, ಬಲ್ಲವರು ಪರೀಕ್ಷಿಸುವವರೆಗೆ ಚಾರ್ಜ್ ಮಾಡದಿರುವುದು ಕ್ಷೇಮ. ಬ್ಯಾಟರಿ ಉಬ್ಬಿದರೆ, ಬುಸುಗುಟ್ಟಿದರೆ, ವಿಚಿತ್ರವಾದ ವಾಸನೆಯ ಹೊಗೆ ಬಂದರೆ ಆರಿಸಲು ನಿಲ್ಲಬಾರದು. ಆ ಹೊಗೆ ವಿಷಮಯವಾದುದು. ಎಲ್ಲರೂ ಹೊರಗೆ ಬಂದು ೧೧೨ಕ್ಕೆ ಕರೆ ಮಾಡಬೇಕು.

ಆದರೆ ಮಾಲಿಕನ ಎಚ್ಚರಿಕೆ ತಯಾರಕನ ಹೊಣೆಗೆ ಬದಲಿಯಾಗಲಾರದು. ದಂಡೆಯ ಹಳ್ಳಿಯವನು ಈಜು ಬಲ್ಲನೆಂದು ಹೇಳಿ ಗೇಟಿನ ಕಾವಲುಗಾರ ಸುಮ್ಮನಿರುವಂತಿಲ್ಲ. ವಿದ್ಯುತ್ ವಾಹನ ನಮ್ಮ ತಾಲ್ಲೂಕುಗಳಿಗೆ ಬಂದಾಗಿದೆ, ಇನ್ನೂ ಬರಲಿದೆ. ಅದರೊಡನೆ ಅದರ ದೋಷದ ಸುದ್ದಿಯೂ ಅಷ್ಟೇ ದೂರ, ಅಷ್ಟೇ ಬೇಗ, ನಮ್ಮ ಭಾಷೆಯಲ್ಲಿ ಬರಬೇಕೆಂದು ಕೇಳುವುದು ಕೊಂಡವರ ಹಕ್ಕು. ಸಾರಿಗೆ ಇಲಾಖೆಯೂ ತಯಾರಕರೂ ಕೂಡಿ ಮನಸ್ಸು ಮಾಡಿದರೆ ಇದಕ್ಕೆ ಹೊಸ ಕಾಯಿದೆಗಾಗಿ ಕಾಯಬೇಕಾಗಿಲ್ಲ. ನೋಂದಣಿ ಪುಸ್ತಕ ಕೈಯಲ್ಲಿದೆ, ಅಂಚೆಯಿದೆ, ಗ್ರಾಮ ಪಂಚಾಯತಿಯ ಫಲಕವಿದೆ. ಮುಂದಿನ ವಾಪಸು ಕರೆ ಹೊರಡುವ ಮುನ್ನ ಈ ಏರ್ಪಾಡು ಸಿದ್ಧವಾಗಿರಲಿ.